ಬೊಂಬೆಗೂ ಬೇಕು ಒಂದು ಅಳತೆಗೋಲು

ಒಂದು ಸೆಂಟಿಮೀಟರಿಗೆ ಎಷ್ಟು ಕಿಲೋಮೀಟರು ಎಂಬುದನ್ನು ಹೇಳದ ನಕಾಶೆಯು ಚಿತ್ರವಾದೀತೇ ಹೊರತು ನಕಾಶೆಯಾಗದು. ಭೂಗೋಳದ ತರಗತಿಯಲ್ಲಿ ಈ ಮಾತನ್ನು ಒಪ್ಪಿಕೊಳ್ಳುವ ನಾವು, ಆಟಿಕೆಯ ಅಂಗಡಿಯ ಮೆಟ್ಟಿಲನ್ನೇರಿದೊಡನೆ ಅದನ್ನು ಮರೆತುಬಿಡುತ್ತೇವೆ. ಚಲನಚಿತ್ರಗಳ ಮತ್ತು ಚಿತ್ರಕಥೆಗಳ ವೀರರ ಬೊಂಬೆಗಳನ್ನು ಸಂಗ್ರಹಿಸುವ ಹವ್ಯಾಸವು ಇಂದು ನಗರದ ಬಾಲಕರಲ್ಲಿಯೂ ದೊಡ್ಡವರಲ್ಲಿಯೂ ಹಬ್ಬಿದೆ. ಹಣವನ್ನು ಕೂಡಿಟ್ಟು ಕೊಂಡುತಂದ ಈ ವೀರರನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ ನೋಡಿದರೆ, ದೈತ್ಯನು ಬಾಲಕನ ಭುಜದವರೆಗೆ ಮಾತ್ರ ಬರುತ್ತಾನೆ. ಯೋಧನು ತಾನು ಏರಬೇಕಾದ ವಾಹನಕ್ಕಿಂತ ದೊಡ್ಡವನಾಗಿರುತ್ತಾನೆ. ಇದು ಮಕ್ಕಳಾಟದ ವಿಷಯವೆಂದು ನಗುವವರುಂಟು. ಆದರೆ ಇದರಲ್ಲಿ ಅಳತೆಯ ಸತ್ಯದ ಪ್ರಶ್ನೆಯೊಂದು ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಇಂಥ ಬೊಂಬೆಗಳ ಚರಿತ್ರೆಯನ್ನು ತುಸು ನೋಡೋಣ. ಅಮೆರಿಕದ ಹ್ಯಾಸ್‌ಬ್ರೊ ಸಂಸ್ಥೆಯು 1964ರಲ್ಲಿ ‘ಜಿ. ಐ. ಜೋ’ ಎಂಬ ಸೈನಿಕನ ಬೊಂಬೆಯನ್ನು ಮಾರಾಟಕ್ಕೆ ತಂದಿತು. ಬೊಂಬೆಯೆಂದರೆ ಗಂಡುಹುಡುಗರು ಮುಟ್ಟಲಾರರೆಂಬ ಅಂಜಿಕೆಯಿಂದ ಅದನ್ನು ‘ಆ್ಯಕ್ಷನ್ ಫಿಗರ್’ ಎಂಬ ಹೊಸ ಹೆಸರಿನಿಂದ ಕರೆದರು. ಅದರ ಎತ್ತರ ಸುಮಾರು 12 ಅಂಗುಲ. ಆರು ಅಡಿಯ ಮನುಷ್ಯನನ್ನು ಆರರಲ್ಲೊಂದು ಪಾಲಿಗೆ ಇಳಿಸಿದರೆ ದೊರೆಯುವ ಎತ್ತರವಿದು. 1978ರಲ್ಲಿ ಕೆನ್ನರ್ ಸಂಸ್ಥೆಯು ‘ಸ್ಟಾರ್ ವಾರ್ಸ್’ ಚಿತ್ರದ ಪಾತ್ರಗಳನ್ನು ಮೂರೂಮುಕ್ಕಾಲು ಅಂಗುಲದ ಗಾತ್ರದಲ್ಲಿ ಹೊರತಂದಿತು. ಇದನ್ನು ಹದಿನೆಂಟರಲ್ಲೊಂದು ಪ್ರಮಾಣವೆನ್ನುತ್ತಾರೆ. ಗುಣಿಸಿ ನೋಡಿದರೆ ಐದು ಅಡಿ ಏಳೂವರೆ ಅಂಗುಲದ ಮನುಷ್ಯನು ಬರುತ್ತಾನೆ. ಜಿ. ಐ. ಜೋ ಕೂಡ 1982ರಲ್ಲಿ ಇದೇ ಗಾತ್ರಕ್ಕೆ ಕುಗ್ಗಿದನು. 2002ರಲ್ಲಿ ಆರಂಭವಾದ ‘ಮಾರ್ವೆಲ್ ಲೆಜೆಂಡ್ಸ್’ ಮಾಲೆಯ ಬೊಂಬೆಗಳು ಆರು ಅಂಗುಲದವು. ಅವುಗಳದು ಹನ್ನೆರಡರಲ್ಲೊಂದು ಪ್ರಮಾಣ. ಹೀಗೆ ಒಂದೇ ಅಂಗಡಿಯಲ್ಲಿ ಮೂರು ಬೇರೆ ಬೇರೆ ಲೋಕಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ.

ಮೂರು ಪ್ರಮಾಣಗಳಿರುವುದು ತಪ್ಪಲ್ಲ. ತಪ್ಪಿರುವುದು ಎತ್ತರವನ್ನೂ ಪ್ರಮಾಣವನ್ನೂ ಒಂದೇ ಎಂಬಂತೆ ಬಳಸುವುದರಲ್ಲಿ. ‘ಆರು ಅಂಗುಲ’ವೆಂಬುದು ಎತ್ತರ; ‘ಹನ್ನೆರಡರಲ್ಲೊಂದು’ ಎಂಬುದು ಪ್ರಮಾಣ. ವುಲ್ವರಿನ್ ಎಂಬ ವೀರನು ಚಿತ್ರಕಥೆಗಳ ಲೆಕ್ಕದಲ್ಲಿ ಐದು ಅಡಿ ಮೂರು ಅಂಗುಲದ ಗಿಡ್ಡನು. ಹಲ್ಕ್ ಎಂಬ ಹಸಿರು ದೈತ್ಯನಾದರೋ ಏಳು ಅಡಿಗೂ ಮಿಗಿಲಾದವನು. ಪ್ರಮಾಣವನ್ನು ಪಾಲಿಸಿದರೆ ಮೊದಲನೆಯವನು ಐದೂಕಾಲು ಅಂಗುಲ, ಎರಡನೆಯವನು ಏಳು ಅಂಗುಲಕ್ಕಿಂತ ಹೆಚ್ಚು ಇರಬೇಕು. ಇಬ್ಬರನ್ನೂ ಆರು ಅಂಗುಲಕ್ಕೆ ಸರಿಗಟ್ಟಿದರೆ ಗಿಡ್ಡನು ಆರಡಿಯ ಆಜಾನುಬಾಹುವಾಗುತ್ತಾನೆ. ದೈತ್ಯನು ದೈತ್ಯನಾಗಿ ಉಳಿಯುವುದಿಲ್ಲ. 1970ರ ದಶಕದಲ್ಲಿ ಮೀಗೊ ಎಂಬ ಸಂಸ್ಥೆಯು ಹೀಗೆಯೇ ಮಾಡಿತ್ತು. ಎಂಟು ಅಂಗುಲದ ಒಂದೇ ಬಗೆಯ ಒಡಲಿಗೆ ಬೇರೆ ಬೇರೆ ತಲೆಯನ್ನೂ ಉಡುಪನ್ನೂ ತೊಡಿಸಿ ಅನೇಕ ವೀರರನ್ನು ಸೃಷ್ಟಿಸಿತು.

ತಯಾರಕರ ಕಷ್ಟವನ್ನೂ ನಾವು ಅರಿಯಬೇಕು. ಉಕ್ಕಿನ ಅಚ್ಚನ್ನು ಕೊರೆಯಿಸುವುದಕ್ಕೆ ಬಹಳ ಹಣ ಬೇಕು; ಒಂದೇ ಅಚ್ಚನ್ನು ಹತ್ತು ಬೊಂಬೆಗಳಿಗೆ ಬಳಸಿದರೆ ಬೆಲೆ ಇಳಿಯುತ್ತದೆ. ಪೆಟ್ಟಿಗೆಯ ಗಾತ್ರ ಒಂದೇ ಆಗಿದ್ದರೆ ಸಾಗಣೆ ಸುಲಭ. ಸಣ್ಣ ಮೋಟಾರುಗಳನ್ನು ಮಾಡುವವರು ಬಸ್ಸನ್ನೂ ಕಾರನ್ನೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ತರುವುದು ಇದೇ ಕಾರಣದಿಂದ. ಕೆಲವೆಡೆ ಪ್ರಮಾಣವನ್ನು ಪಾಲಿಸುವುದು ಅಸಾಧ್ಯವೂ ಹೌದು. 1985ರಲ್ಲಿ ಜಿ. ಐ. ಜೋ ಮಾಲೆಯಲ್ಲಿ ಏಳೂವರೆ ಅಡಿ ಉದ್ದದ ವಿಮಾನವಾಹಕ ಹಡಗೊಂದು ಬಂದಿತು. ಆಟಿಕೆಗಳ ಲೋಕದಲ್ಲಿ ಅದೊಂದು ಅದ್ಭುತವೇ ಸರಿ. ಆದರೆ ನಿಜವಾದ ನಿಮಿಟ್ಜ್ ವರ್ಗದ ಹಡಗಿನ ಉದ್ದ ಸುಮಾರು 333 ಮೀಟರು. ಅದರ ಹದಿನೆಂಟರಲ್ಲೊಂದು ಪಾಲೆಂದರೆ ಹದಿನೆಂಟೂವರೆ ಮೀಟರು, ಎಂದರೆ ಅರುವತ್ತು ಅಡಿ! ನಗರದಲ್ಲಿ ನಾವು ವಾಸಿಸುವ ಮನೆಗಳಲ್ಲಿ ಅಂಥ ಹಡಗಿಗೆ ಬಂದರು ಎಲ್ಲಿಯದು?

‘ನಮ್ಮ ದಸರೆಯ ಬೊಂಬೆಗಳಿಗೆ ಯಾವ ಪ್ರಮಾಣವಿದೆ?’ ಎಂದು ಕೆಲವರು ಕೇಳಬಹುದು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬೊಂಬೆ ಕೂರಿಸುವಾಗ ಎತ್ತರವಾದ ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಗೇಣುದ್ದದ ಶೆಟ್ಟಿಯೂ, ಅವನ ಅಂಗಡಿಯ ಮುಂದೆ ಅವನಿಗಿಂತ ದೊಡ್ಡದಾದ ಹಸುವೂ ಇರುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಅಲ್ಲಿ ರಾಜ ರಾಣಿಯರು ಮೇಲೆ ದೊಡ್ಡದಾಗಿ ನಿಂತಿರುವುದಕ್ಕೆ ಒಂದು ಅರ್ಥವಿದೆ; ನೋಡುವವರೆಲ್ಲರೂ ಆ ಅರ್ಥವನ್ನು ಬಲ್ಲರು. ದೇವಾಲಯದ ಭಿತ್ತಿಯಲ್ಲಿ ದೇವರು ದೊಡ್ಡವನಾಗಿಯೂ ಪರಿಚಾರಕರು ಚಿಕ್ಕವರಾಗಿಯೂ ಇರುವುದು ಸಹ ಮಹಿಮೆಯ ಅಳತೆಯೇ. ನಮ್ಮ ಶಿಲ್ಪಿಗಳಂತೂ ಅಳತೆಯಿಲ್ಲದೆ ಉಳಿಯನ್ನೆತ್ತಿದವರಲ್ಲ. ಮುಖದ ಉದ್ದವನ್ನು ‘ತಾಲ’ವೆಂದು ಕರೆದು, ಅದನ್ನು ಹನ್ನೆರಡು ಅಂಗುಲಗಳಾಗಿ ಭಾಗಿಸಿ, ಯಾವ ಮೂರ್ತಿಗೆ ಎಷ್ಟು ತಾಲವೆಂಬುದನ್ನು ಶಿಲ್ಪಶಾಸ್ತ್ರವು ಗೊತ್ತುಮಾಡಿದೆ. ಅಲ್ಲಿನ ಹೆಚ್ಚುಕಡಿಮೆಗೆ ಭಕ್ತಿ ಕಾರಣ. ಇಲ್ಲಿನ ಹೆಚ್ಚುಕಡಿಮೆಗೆ ಪೆಟ್ಟಿಗೆ ಕಾರಣ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದರಿಂದ ಯಾರಿಗೆ ನಷ್ಟ? ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಸೇರು ಊರಿಗೊಂದು ಬಗೆಯಾಗಿತ್ತು. ಆ ಗೊಂದಲದ ಲಾಭ ಮಾರುವವನಿಗೆ, ನಷ್ಟ ಕೊಳ್ಳುವವನಿಗೆ. ದೇಶಕ್ಕೆಲ್ಲ ಒಂದೇ ಅಳತೆಯಿರಲೆಂದು 1956ರಲ್ಲಿ ಕಾಯಿದೆಯಾಯಿತು. ಬೊಂಬೆಗಳ ವಿಷಯದಲ್ಲಿಯೂ ನಷ್ಟ ಅನುಭವಿಸುವವನು ಒಂದೇ ಒಂದು ಬೊಂಬೆಯನ್ನು ಕೊಳ್ಳಲು ಶಕ್ತನಾದ ಬಾಲಕನು. ಇಡೀ ಮಾಲೆಯನ್ನು ಕೊಳ್ಳಬಲ್ಲವನ ಲೋಕ ಅವನ ಮನೆಯಲ್ಲಿಯೇ ಪೂರ್ಣವಾಗುತ್ತದೆ. ಒಂದೇ ಬೊಂಬೆಯುಳ್ಳವನು ನೆರೆಯವನೊಡನೆ ಸೇರಿಯೇ ಆಡಬೇಕು. ಅವನ ವೀರನು ನೆರೆಯವನ ಸೇನೆಯಲ್ಲಿ ನಿಲ್ಲಬೇಕಾದರೆ ಇಬ್ಬರ ಬೊಂಬೆಗಳಿಗೂ ಒಂದೇ ಪ್ರಮಾಣವಿರಬೇಕು. ಸಮಾನವಾದ ಅಳತೆಯು ಮಕ್ಕಳ ನಡುವಣ ಒಂದು ಸ್ನೇಹದ ಒಪ್ಪಂದ. ಲೆಗೊ ಸಂಸ್ಥೆಯು 1958ರಲ್ಲಿ ಗೊತ್ತುಮಾಡಿದ ಇಟ್ಟಿಗೆಯ ಅಳತೆಯನ್ನು ಇಂದಿಗೂ ಬಿಟ್ಟಿಲ್ಲ. ಅಜ್ಜನ ಇಟ್ಟಿಗೆಗೆ ಮೊಮ್ಮಗನ ಇಟ್ಟಿಗೆ ಕೂಡುತ್ತದೆ.

ಎಲ್ಲ ತಯಾರಕರೂ ಒಂದೇ ಗಾತ್ರದ ಬೊಂಬೆಗಳನ್ನು ಮಾಡಲಿ ಎಂಬುದು ನನ್ನ ವಾದವಲ್ಲ. ಪೆಟ್ಟಿಗೆಯ ಮೇಲೆ ಪ್ರಮಾಣವನ್ನು ನಿಜವಾಗಿ ಮುದ್ರಿಸಲಿ, ಪಾಲಿಸಲಾಗದೆಡೆಯಲ್ಲಿ ಪಾಲಿಸಿಲ್ಲವೆಂದು ತಿಳಿಸಲಿ ಎಂಬಷ್ಟೇ ನನ್ನ ಬೇಡಿಕೆ. ಆಟಿಕೆಯ ರೈಲುಗಳನ್ನು ನೋಡಿರಿ. 16.5 ಮಿಲಿಮೀಟರಿನ ಒಂದೇ ಹಳಿಯ ಮೇಲೆ 1:87 ಪ್ರಮಾಣದ ಗಾಡಿಗಳೂ, ಬ್ರಿಟನ್ನಿನ 1:76 ಪ್ರಮಾಣದ ಗಾಡಿಗಳೂ ಓಡುತ್ತವೆ. ಎರಡನೆಯದರಲ್ಲಿ ಗಾಡಿಗೆ ಹಳಿ ಕಿರಿದಾಯಿತು, ನಿಜ. ಆದರೂ ಅದನ್ನು ಯಾರೂ ಮೋಸವೆನ್ನುವುದಿಲ್ಲ. ಏಕೆಂದರೆ ಪ್ರಮಾಣವನ್ನು ಬಹಿರಂಗವಾಗಿ ಹೇಳಿದ್ದಾರೆ. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐ. ಎಸ್. ಐ. ಗುರುತು ಕಡ್ಡಾಯವಾಗಿದೆ. ಆ ಗುರುತು ಮಗುವಿನ ಮೈಗೆ ಅಪಾಯವಾಗದಂತೆ ಕಾಯುತ್ತದೆ. ಅದರ ಪಕ್ಕದಲ್ಲಿ 1:12 ಎಂಬ ಮೂರು ಅಂಕಿಗಳಿಗೆ ಸ್ಥಳವಿಲ್ಲದೆ ಹೋಗದು.

ವಿದ್ಯಾರ್ಥಿ ಮಿತ್ರರೇ, ಅಲ್ಲಿಯತನಕ ನಿಮ್ಮ ಕಂಪಾಸುಪೆಟ್ಟಿಗೆಯ ಅಳತೆಪಟ್ಟಿ ನಿಮ್ಮ ಕೈಯಲ್ಲಿಯೇ ಇದೆ. ಬೊಂಬೆಯ ಎತ್ತರವನ್ನು ಅಳೆಯಿರಿ, ವೀರನ ಎತ್ತರವನ್ನು ಅದರಿಂದ ಭಾಗಿಸಿರಿ. ಬಂದ ಉತ್ತರವನ್ನು ಮುಂದಿನ ಬೊಂಬೆಗೆ ಅನ್ವಯಿಸಿ ನೋಡಿರಿ. ತಾಳೆಯಾಗದಿದ್ದರೆ ಪೆಟ್ಟಿಗೆಯ ಮೇಲಿರುವ ವಿಳಾಸಕ್ಕೆ ವಿನಯದಿಂದ ಒಂದು ಪತ್ರವನ್ನು ಬರೆಯಿರಿ. ಗಣಿತದ ಪುಸ್ತಕದಲ್ಲಿ ಕಲಿತ ಅನುಪಾತವು ಪರೀಕ್ಷೆಯ ಕೊಠಡಿಯಿಂದ ಹೊರಗೆ ಬಂದು ಕೆಲಸಮಾಡುವುದು ಹೀಗೆಯೇ.