ಎರಡು ಸ್ವರದ ನಡುವಿನ ದಾರಿ

ಹಾಡು ಅಂದರೆ ಬರೀ ಸ ರಿ ಗ ಮ ಅಲ್ಲ. ಸ ಬಿಟ್ಟು ರಿ ಗೆ ಹ್ಯಾಗೆ ಹೋಗುತ್ತೇವೆ ಅನ್ನೋದೂ ಹಾಡೇ. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಮುಖ್ಯ. ಆದ್ದರಿಂದ ಹಾಡು ಕಲಿಯುವಾಗ ಹಾರ್ಮೋನಿಯಂ ಒಂದನ್ನೇ ನಂಬಬಾರದು.

ಹಾರ್ಮೋನಿಯಂನಲ್ಲಿ ಒಂದು ಕೀ ಒತ್ತಿದರೆ ಒಂದೇ ಸ್ವರ. ಪಕ್ಕದ ಸ್ವರಕ್ಕೆ ಹಾರಲೇಬೇಕು, ನಡುವೆ ಕಾಲಿಡಲು ಜಾಗ ಇಲ್ಲ. ನಮ್ಮ ಕೋಟೆಯ ಮೆಟ್ಟಿಲು ಹತ್ತಿದ ಹಾಗೆ. ವೀಣೆಯಲ್ಲಿ ಹಾಗಲ್ಲ. ತಂತಿಯನ್ನು ಒತ್ತಿಹಿಡಿದು ಪಕ್ಕಕ್ಕೆ ಎಳೆದರೆ ಸ್ವರ ಜಾರುತ್ತಾ ಮೇಲಿನ ಸ್ವರವನ್ನು ಮುಟ್ಟುತ್ತದೆ. ಹೀಗೆ ಜಾರುವುದು, ತೂಗುವುದು, ಅಲುಗುವುದು ಎಲ್ಲಕ್ಕೂ ಗಮಕ ಅನ್ನುತ್ತಾರೆ. 13ನೇ ಶತಮಾನದಲ್ಲೇ ಶಾರ್ಙ್ಗದೇವ ಎಂಬುವವನು 'ಸಂಗೀತ ರತ್ನಾಕರ'ದಲ್ಲಿ 15 ಗಮಕ ಹೇಳಿದ್ದಾನೆ. ಹಿಂದೂಸ್ತಾನಿಯ ಭೂಪ್, ದೇಶ್‌ಕಾರ್ ಎರಡು ರಾಗಕ್ಕೂ ಅವೇ ಐದು ಸ್ವರ. ನಿಲ್ಲುವ ಜಾಗ, ನಡೆಯುವ ರೀತಿ ಬೇರೆ. ಅದಕ್ಕೇ ರಾಗವೂ ಬೇರೆ! ಗಮಕ ಬರೋದಿಲ್ಲ ಅನ್ನುವುದೂ ಒಂದು ಕಾರಣವಾಗಿ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧ ಇತ್ತು. ಅದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗೆ ಅನ್ನಿಸುತ್ತೆ.

ನಮ್ಮ ಕಡೆಯದೇ ನೋಡಿ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿ ಮನೆಮನೆಗೆ ಬರುತ್ತಾರಲ್ಲ, ಅವರ ಎಳೆತ ಕೇಳಿದ್ದೀರಾ? ಅದನ್ನು ಹಾರ್ಮೋನಿಯಂನಲ್ಲಿ ಹುಡುಕಿದರೆ ಆಚೆಯದೊಂದು, ಈಚೆಯದೊಂದು ಕೀ ಸಿಗುತ್ತೆ, ನಡುವಿನದು ಸಿಗೋದಿಲ್ಲ. ಪದ ಬರೆದಿಟ್ಟುಕೊಂಡರೆ ಹಾಡು ಉಳಿಯುತ್ತೆ ಅಂತ ಕೆಲವರು ಹೇಳುತ್ತಾರೆ. ಪದವೇನೋ ಉಳಿಯುತ್ತೆ. ಆ ಎಳೆತ ಬರೆಯಲು ನಮ್ಮ ಹತ್ತಿರ ಅಕ್ಷರ ಎಲ್ಲಿದೆ? ನಾನು ಸೋಬಾನೆ ಪದ ಬರೆದುಕೊಳ್ಳಲು ಕೂತಾಗ ನಮ್ಮ ಅಜ್ಜಿ, "ಬರ್ಕಂಡ್ರೆ ಬರಲ್ಲ ಮಗ, ನನ್ ಸಂಗಡ ಹೇಳು" ಅಂದರು. ಕಾವ್ಯ ಓದುವ ಕಲೆಗೂ ಗಮಕ ಅಂತಲೇ ಹೆಸರು. ನಮ್ಮ ಜಿಲ್ಲೆಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಅದಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂತು. ಪದ್ಯ ಪುಸ್ತಕದಲ್ಲಿ ಎಲ್ಲರಿಗೂ ಸಿಗುತ್ತೆ, ಓದುವ ಕಂಠ ಸಿಗಬೇಕಲ್ಲ.

ಹಾರ್ಮೋನಿಯಂ ಇಲ್ಲದಿದ್ದರೆ ಶ್ರುತಿ ತಪ್ಪುತ್ತೆ ಅಂತ ಗೆಳೆಯರು ವಾದ ಮಾಡುತ್ತಾರೆ. ಶ್ರುತಿಗೆ ಒಂದು ಸ ಹಿಡಿದಿಟ್ಟರೆ ಸಾಕಲ್ಲವೇ? ಯಕ್ಷಗಾನದ ಭಾಗವತರು ಶ್ರುತಿ ಪೆಟ್ಟಿಗೆ ಇಟ್ಟುಕೊಂಡೇ ಪದ ಹೇಳುತ್ತಾರೆ. ಒಂದೊಂದೇ ಸ್ವರ ಒತ್ತಿ ತೋರಿಸುವವರು ಅವರಿಗೆ ಬೇಕಾಗಿಲ್ಲ.

ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ದೀಪಾವಳಿಗೆ ಮೊದಲು ಒಂದೆರಡು ಶನಿವಾರ ಅಂಟಿಗೆ ಪಂಟಿಗೆ ಹೇಳುವ ಹಿರಿಯರನ್ನು ಶಾಲೆಗೆ ಕರೆಸಿ. ನೋಟ್‌ಬುಕ್ ಮುಚ್ಚಿಟ್ಟು ಅವರು ಹೇಳಿದ ಹಾಗೇ ಹೇಳೋಣ. ಸೋಬಾನೆ ಕಲಿಯುವವರು ನಮ್ಮ ಮನೆಗೇ ಬರಬೇಕು, ಅಜ್ಜಿಗೆ ಮಂಡಿನೋವು, ಇಲ್ಲಿಗೆ ನಡೆದು ಬರಲು ಆಗೋದಿಲ್ಲ.