ಗೃಹಸ್ಥರ ಅಂಗಳ: ಹಳೆಯ ಕಾರು – ಕೊಳ್ಳುವವರ ಎಚ್ಚರ, ಮಾರುವವರ ಧರ್ಮ

ಶಿವರಾತ್ರಿಯ ಸಮಯದಲ್ಲಿ ತುಮಕೂರಿನ ಸಿದ್ಧಗಂಗೆಯಲ್ಲಿ ನೆರೆಯುವ ದನಗಳ ಜಾತ್ರೆಯನ್ನು ಕಂಡವರಿಗೆ ರಾಸುಗಳನ್ನು ಕೊಳ್ಳುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ವಿವರಿಸಬೇಕಾಗಿಲ್ಲ. ರೈತನು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲಿನ ಕುಂದನ್ನು ಅರಿಯುತ್ತಾನೆ. ಊರಿನ ಅನುಭವಿ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಾನೆ. ಅಂತಹ ಮನೆತನದ ಮಕ್ಕಳೇ ಇಂದು ಅದಕ್ಕಿಂತ ಹೆಚ್ಚು ಬೆಲೆಯ ಹಳೆಯ ಕಾರನ್ನು ಕೊಳ್ಳುವಾಗ, ಬಣ್ಣದ ಹೊಳಪಿಗೆ ಮನಸೋತು ಒಂದೇ ಸಂಜೆಯಲ್ಲಿ ಮುಂಗಡ ಕೊಟ್ಟು ಬರುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ಹಳೆಯ ಕಾರಿನ ಕೊಡುಕೊಳ್ಳುವಿಕೆಯನ್ನು ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಹಳೆಯ ಕಾರನ್ನು ಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಹೊಸ ಕಾರು ಮೊದಲ ಕೆಲವು ವರ್ಷಗಳಲ್ಲಿಯೇ ತನ್ನ ಬೆಲೆಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಮೊದಲ ಒಡೆಯನು ಭರಿಸಿರುತ್ತಾನೆ. ವೃದ್ಧ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು, ವರ್ಷಕ್ಕೊಮ್ಮೆ ಕೂಡಲಸಂಗಮಕ್ಕೆ ಕುಟುಂಬ ಸಮೇತ ಹೋಗಿಬರಲು ಕಾರು ಬೇಕೆನ್ನುವ ಮಧ್ಯಮ ವರ್ಗದ ಸಂಸಾರಕ್ಕೆ, ಸಾಲದ ಹೊರೆಯಿಲ್ಲದ ಹಳೆಯ ಕಾರು ಸಾಲದ ಹೊಸ ಕಾರಿಗಿಂತ ಮೇಲು. ಆದರೆ ಬೆಲೆಯನ್ನು ಅರಿತು ಕೊಡಬೇಕು. ವಸ್ತುವನ್ನು ನೋಡಿ ಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾರು ಕೈ ಬದಲಾಯಿಸಿದಂತೆ ದಾಖಲೆಯಲ್ಲಿ ಹೆಸರೂ ಬದಲಾಗಬೇಕು. ಈ ಮೂರರಲ್ಲಿ ಕೊನೆಯದನ್ನೇ ನಮ್ಮ ಜನ ಹೆಚ್ಚಾಗಿ ಅಲಕ್ಷಿಸುತ್ತಾರೆ. ಅದರಿಂದ ಒದಗುವ ಆಪತ್ತೇ ಎಲ್ಲಕ್ಕಿಂತ ದೊಡ್ಡದು.

ಮೊದಲು ಬೆಲೆಯ ವಿಚಾರ. ಮಾರುವವನು ಒಂದು ಬೆಲೆ ಹೇಳುತ್ತಾನೆ, ದಲ್ಲಾಳಿ ಇನ್ನೊಂದು ಹೇಳುತ್ತಾನೆ. ಇವೆರಡರ ನಡುವೆ ಗೃಹಸ್ಥನಿಗೆ ಒಂದು ಅಳತೆಗೋಲು ಬೇಕು. ವಿಮಾ ಕಂಪನಿಗಳು ವಾಹನದ ಮೌಲ್ಯವನ್ನು ನಿಗದಿಮಾಡಲು ಬಳಸುತ್ತ ಬಂದಿರುವ ಸವಕಳಿಯ ಲೆಕ್ಕವು ಅಂತಹ ಒಂದು ಅಳತೆಗೋಲು. ಅದರಂತೆ 6 ತಿಂಗಳು ಮೀರದ ವಾಹನಕ್ಕೆ ಶೇಕಡಾ 5, ಒಂದು ವರ್ಷದೊಳಗಿನದಕ್ಕೆ 15, ಎರಡು ವರ್ಷದೊಳಗಿನದಕ್ಕೆ 20, ಮೂರು ವರ್ಷದೊಳಗಿನದಕ್ಕೆ 30, ನಾಲ್ಕು ವರ್ಷದೊಳಗಿನದಕ್ಕೆ 40, ಐದು ವರ್ಷದೊಳಗಿನದಕ್ಕೆ 50ರಷ್ಟು ಸವಕಳಿಯನ್ನು ಕಳೆಯುತ್ತಾರೆ. ಐದು ವರ್ಷ ಮೀರಿದರೆ ಕಂಪನಿಯೂ ಒಡೆಯನೂ ಮಾತನಾಡಿ ಮೌಲ್ಯವನ್ನು ಒಪ್ಪಿಕೊಳ್ಳುತ್ತಾರೆ.

ಒಂದು ಉದಾಹರಣೆಯನ್ನು ನೋಡೋಣ. ಅದೇ ಮಾದರಿಯ ಹೊಸ ಕಾರಿಗೆ ತೆರಿಗೆ, ನೋಂದಣಿ, ವಿಮೆಗಳನ್ನು ಬಿಟ್ಟು ಷೋರೂಮಿನ ಬೆಲೆ 8,00,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂರೂವರೆ ವರ್ಷದ ಕಾರಿಗೆ ಶೇಕಡಾ 40 ಕಳೆದರೆ 4,80,000 ರೂಪಾಯಿ ಉಳಿಯುತ್ತದೆ. ಇದು ಪೇಟೆಯ ಬೆಲೆಯಲ್ಲ. ಮಾತುಕತೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಒಂದು ಆಧಾರ. ಬೇಡಿಕೆಯುಳ್ಳ ಮಾದರಿ, ಒಬ್ಬರದೇ ಕೈಯಲ್ಲಿದ್ದುದು, ಸರ್ವೀಸಿನ ಲೆಕ್ಕ ಪೂರ್ಣವಾಗಿರುವುದು ಎಂದಾದರೆ ಬೆಲೆ ಇದಕ್ಕಿಂತ ಮೇಲೇರಬಹುದು. ಟೈರುಗಳು ಸವೆದಿದ್ದರೆ, ಬ್ಯಾಟರಿ ಹಳತಾಗಿದ್ದರೆ, ವಿಮೆಯ ಅವಧಿ ಮುಗಿಯುತ್ತ ಬಂದಿದ್ದರೆ, ಅವುಗಳಿಗೆ ತಗಲುವ ಖರ್ಚನ್ನು ಕಾಗದದ ಮೇಲೆ ಬರೆದು ಬೆಲೆಯಲ್ಲಿ ಕಳೆಯಬೇಕು. ಕಾರಿನ ವಿಮಾ ಪತ್ರದಲ್ಲಿ ನಮೂದಾಗಿರುವ ಮೌಲ್ಯವನ್ನು ಕೇಳಿ ನೋಡಿದರೆ, ಒಡೆಯನೇ ತನ್ನ ಕಾರಿಗೆ ಒಪ್ಪಿಕೊಂಡ ಬೆಲೆ ಎಷ್ಟೆಂಬುದೂ ತಿಳಿಯುತ್ತದೆ.

ಇನ್ನು ಕಾರನ್ನು ನೋಡುವ ಬಗೆ. ಹಗಲಿನ ಬೆಳಕಿನಲ್ಲಿ, ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಮೊದಲೇ ಇಂಜಿನ್ನನ್ನು ಬಿಸಿಮಾಡಿಟ್ಟಿದ್ದರೆ ಕಾರಣವನ್ನು ಕೇಳಿರಿ. ತಣ್ಣಗಿನ ಇಂಜಿನ್ ಚಾಲೂ ಆಗುವಾಗ ತೋರುವ ದೋಷಗಳು ಬಿಸಿಯಾದ ಮೇಲೆ ಮರೆಯಾಗುತ್ತವೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ದಟ್ಟವಾದ ಬಿಳಿ ಹೊಗೆ ನಿಲ್ಲದೆ ಬಂದರೆ ತಂಪುಮಾಡುವ ನೀರು ಇಂಜಿನ್ನಿನೊಳಗೆ ಸೇರುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಹಾಲಿನ ಕೆನೆಯಂತಹ ಪದಾರ್ಥ ಕಂಡರೂ ಅದೇ ಸಂದೇಹ.

ಎತ್ತಿನ ವಯಸ್ಸನ್ನು ಹಲ್ಲು ಹೇಳುವಂತೆ, ಕಾರಿನ ಓಟವನ್ನು ಟೈರು ಹೇಳುತ್ತದೆ. ಪ್ರತಿ ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲೆರಡು ಅಂಕಿಗಳು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2321 ಎಂದಿದ್ದರೆ 2021ರ 23ನೆಯ ವಾರ. ಮೂರು ವರ್ಷದ ಕಾರು, ಮೀಟರಿನಲ್ಲಿ 25,000 ಕಿಲೋಮೀಟರು ಮಾತ್ರ, ಆದರೆ ನಾಲ್ಕೂ ಟೈರುಗಳು ಕಳೆದ ವರ್ಷದವು ಎಂದಾದರೆ ಮೀಟರನ್ನು ಸುಮ್ಮನೆ ನಂಬಲಾಗದು. ಕ್ಲಚ್ಚು, ಬ್ರೇಕುಗಳ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚಕ್ರ, ಚಾಲಕನ ಆಸನದ ಅಂಚು, ಇವು ನುಣುಪಾಗಿ ಸವೆದಿದ್ದರೂ ಕಾರು ಮೀಟರಿಗಿಂತ ಹೆಚ್ಚು ಓಡಿದೆ ಎಂದು ತಿಳಿಯಬಹುದು. ಅಧಿಕೃತ ಸರ್ವೀಸ್ ಕೇಂದ್ರದ ದಾಖಲೆಗಳಲ್ಲಿ ಪ್ರತಿ ಸಲದ ಕಿಲೋಮೀಟರು ಬರೆದಿರುತ್ತದೆ. ಅದನ್ನು ಮೀಟರಿನೊಡನೆ ಹೋಲಿಸಿ ನೋಡಬೇಕು.

ನೆರೆಯಲ್ಲಿ ಮುಳುಗಿದ ಕಾರುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ ಮತ್ತು ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ, 2022ರಲ್ಲಿ ಬೆಂಗಳೂರಿನ ಹೊರವಲಯ ಹೀಗೆ ನೆರೆಹಾವಳಿ ಆದಾಗಲೆಲ್ಲ ನೀರುಂಡ ವಾಹನಗಳು ತೊಳೆದು ಒರಸಿಕೊಂಡು ದೂರದ ಊರಿನ ಮಾರುಕಟ್ಟೆಗೆ ಬರುವ ಸಂಭವವಿದೆ. ಅಂತಹ ಕಾರಿನ ವಿದ್ಯುತ್ ತಂತಿಗಳು ಒಳಗೊಳಗೇ ತುಕ್ಕು ಹಿಡಿದು ತಿಂಗಳುಗಳ ಬಳಿಕ ಕೈಕೊಡುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿರಿ. ಮಣ್ಣಿನ ಕಲೆ ಅಲ್ಲಿ ಉಳಿದಿರುತ್ತದೆ. ಕಾಲಡಿಯ ಚಾಪೆಯ ಕೆಳಗಿನ ತೇವ, ಆಸನದ ಕೆಳಗಿನ ಕಬ್ಬಿಣದ ತುಕ್ಕು, ಒಳಗಿನ ಮುಗ್ಗಲು ವಾಸನೆ, ಅದನ್ನು ಮುಚ್ಚಲು ಸಿಂಪಡಿಸಿದ ಅತಿಯಾದ ಸುಗಂಧ, ಇವೆಲ್ಲವೂ ಲಕ್ಷಣಗಳೇ. ಇಷ್ಟು ನೋಡಿದ ಮೇಲೂ ನಿಮಗೆ ಪರಿಚಯವಿರುವ ಮೆಕ್ಯಾನಿಕ್ ಒಬ್ಬರಿಗೆ ಅವರ ಕೂಲಿಯನ್ನು ಕೊಟ್ಟು ಕಾರನ್ನು ತೋರಿಸತಕ್ಕದ್ದು. ಮಾರುವವನೇ ಕರೆತಂದ ಮೆಕ್ಯಾನಿಕ್ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ಈಗ ಕಾಗದಪತ್ರಗಳ ವಿಚಾರ. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳು ಕಾರಿನ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಅಕ್ಷರಶಃ ಹೊಂದಬೇಕು. ಸಾರಿಗೆ ಇಲಾಖೆಯ ಪರಿವಾಹನ್ ವ್ಯವಸ್ಥೆಯಲ್ಲಿ ವಿಮೆಯ ಅವಧಿ, ಸಾಲದ ಬಾಧ್ಯತೆ, ಬಾಕಿಯಿರುವ ದಂಡ ಮುಂತಾದವನ್ನು ಈಗ ಮನೆಯಿಂದಲೇ ನೋಡಬಹುದು. ಸಾಲದಲ್ಲಿ ಕೊಂಡ ಕಾರಾಗಿದ್ದರೆ, ಸಾಲ ತೀರಿತೆಂಬ ಬಾಯಿಮಾತು ಸಾಲದು. ಬ್ಯಾಂಕು ಸಹಿ ಮಾಡಿದ 35ನೆಯ ನಮೂನೆಯ ಮೂಲಕ ಆರ್.ಸಿ.ಯಿಂದ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಿದ್ದು, ಆನಂತರ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. 2022ರಿಂದ ಈ ಶುಲ್ಕವು ಬಹಳ ಏರಿರುವುದರಿಂದ, 13–14 ವರ್ಷದ ಕಾರನ್ನು ಕೊಳ್ಳುವವರು ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹೊರರಾಜ್ಯದ ಕಾರುಗಳ ಅಗ್ಗದ ಬೆಲೆಗೆ ಮರುಳಾಗುವವರೂ ಇದ್ದಾರೆ. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನಿರ್ಬಂಧ ವಿಧಿಸಿದವು. 2025ರಲ್ಲಿ ಅದು ಕೆಲಮಟ್ಟಿಗೆ ಸಡಿಲಗೊಂಡಿತು. ಇಂತಹ ನಿರ್ಬಂಧಗಳಿರುವ ಕಡೆ ಹಳೆಯ ಕಾರಿನ ಬೆಲೆ ಇಳಿಯುವುದು ಸಹಜ. ಆದರೆ ಅಲ್ಲಿಂದ ತಂದ ಕಾರಿಗೆ ಆ ಊರಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದಲ್ಲಿ ನೋಂದಾಯಿಸುವಾಗ ವಾಹನದ ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕು. ಈ ಖರ್ಚನ್ನೆಲ್ಲ ಕೂಡಿದರೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ.

ಇನ್ನು ನಾವು ಆರಂಭದಲ್ಲಿಯೇ ಸೂಚಿಸಿದ ಮುಖ್ಯ ವಿಷಯ, ಹೆಸರಿನ ವರ್ಗಾವಣೆ. ನಮ್ಮ ಮನೆತನಗಳಲ್ಲಿ ಕಾರುಗಳು ಹೆಚ್ಚಾಗಿ ನಂಟರಿಷ್ಟರ ನಡುವೆಯೇ ಕೈ ಬದಲಾಯಿಸುತ್ತವೆ. ಸೋದರಮಾವನ ಕಾರು ಅಳಿಯನಿಗೆ, ಬೀಗರ ಕಾರು ಬೀಗರಿಗೆ. "ನಮ್ಮ ನಮ್ಮೊಳಗೆ ಕಾಗದವೇಕೆ?" ಎಂಬ ಮಾತು ಕೇಳಲು ಇಂಪಾಗಿದೆ. ಹಣ ಕೊಟ್ಟಾಯಿತು, ಕೀಲಿಕೈ ಬಂದಾಯಿತು; ಆರ್.ಸಿ.ಯಲ್ಲಿ ಮಾತ್ರ ವರ್ಷಗಟ್ಟಲೆ ಹಳೆಯ ಹೆಸರೇ ಉಳಿಯುತ್ತದೆ. ಈ ನಡುವೆ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋದರೆ, ವಿಮೆಯೂ ಇಲ್ಲದಿದ್ದರೆ, ಪರಿಹಾರ ಕೊಡಬೇಕಾದವರು ಯಾರು?

ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ಸ್ಪಷ್ಟವಾದ ಉತ್ತರವನ್ನು ನೀಡಿದೆ. ಆ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿದ್ದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಇತ್ತು. 2009ರಲ್ಲಿ ಅದರಿಂದ ಅಪಘಾತವಾಯಿತು. ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವರೇ ಒಡೆಯರು, ಮಾರಿಬಿಟ್ಟಿದ್ದೆನೆಂದರೂ ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ತೀರ್ಪಿತ್ತಿತು. ನೊಂದವರು ಪರಿಹಾರಕ್ಕಾಗಿ ಒಬ್ಬೊಬ್ಬರ ಬೆನ್ನುಹತ್ತಿ ಅಲೆಯುವಂತಾಗಬಾರದೆಂಬುದು ಅದರ ಆಶಯ. ನಿವೃತ್ತರಾದ ಒಬ್ಬ ಮೇಷ್ಟ್ರು ತಮ್ಮ ಕಾರನ್ನು ವಿಶ್ವಾಸದ ಮೇಲೆ ಕೊಟ್ಟು ಮರೆತಿದ್ದರೆ, ಹತ್ತು ವರ್ಷದ ಬಳಿಕವೂ ನ್ಯಾಯಾಲಯದ ಕರೆ ಅವರ ಮನೆಬಾಗಿಲಿಗೇ ಬರುತ್ತದೆ ಎಂಬುದನ್ನು ಊಹಿಸಿಕೊಳ್ಳಿ.

ಕಾನೂನಿನ ಕ್ರಮ ಕಷ್ಟದ್ದೇನಲ್ಲ. 1988ರ ಅಧಿನಿಯಮದ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳೊಳಗೆ 29ನೆಯ ನಮೂನೆಯಲ್ಲಿ ವರದಿ ಸಲ್ಲಿಸಬೇಕು. ಕೊಂಡವರು 30 ದಿನಗಳೊಳಗೆ 30ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ವಿಮೆಯನ್ನೂ 14 ದಿನಗಳೊಳಗೆ ಕೊಂಡವರ ಹೆಸರಿಗೆ ಬದಲಾಯಿಸಿಕೊಳ್ಳಲು ಕಂಪನಿಗೆ ಬರೆಯಬೇಕು. ಇಲ್ಲವಾದರೆ ಮೂರನೆಯವರಿಗೆ ಆದ ಹಾನಿಗೆ ವಿಮೆ ಮುಂದುವರಿದರೂ, ತಮ್ಮ ಕಾರಿಗೆ ಆದ ಹಾನಿಗೆ ಪರಿಹಾರ ದೊರೆಯದು. ಮನೆಯ ಹಿರಿಯರು ಲಿಂಗೈಕ್ಯರಾದಾಗ ಅವರ ಹೆಸರಿನ ಕಾರಿನ ವಿಷಯದಲ್ಲಿಯೂ ಉದಾಸೀನ ಸಲ್ಲದು. ವಾರಸುದಾರರು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು.

ವ್ಯಾಪಾರಿಗೆ ಕಾರನ್ನು ಒಪ್ಪಿಸುವವರಿಗೂ ಒಂದು ಮಾತು. ವ್ಯಾಪಾರಿಯು ಗಿರಾಕಿಯನ್ನು ಹುಡುಕುವವರೆಗೆ ಕಾರು ಅವನ ಅಂಗಳದಲ್ಲಿ ನಿಂತಿರುತ್ತದೆ. ಯಾರು ಯಾರೋ ಓಡಿಸಿ ನೋಡುತ್ತಾರೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ, ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದ ವ್ಯಾಪಾರಿಗೆ ಕಾರನ್ನು ಒಪ್ಪಿಸಿದುದನ್ನು 29-ಸಿ ನಮೂನೆಯಲ್ಲಿ ದಾಖಲಿಸಿದರೆ, ಆಗಿನಿಂದ ಹೊಣೆ ಆ ವ್ಯಾಪಾರಿಯದು. ಅಧಿಕಾರಪತ್ರವಿಲ್ಲದವರ ಕೈಗೆ, ಖಾಲಿ ನಮೂನೆಗಳಿಗೆ ಸಹಿ ಹಾಕಿ ಕಾರನ್ನು ಕೊಟ್ಟುಬರುವ ರೂಢಿಯನ್ನು ಬಿಡಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯತಕ್ಕದ್ದು. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದನ್ನು ಕಾನೂನು 2017ರಿಂದ ನಿಷೇಧಿಸಿದೆ. ಕಾರಿನ ದಿನಾಂಕ, ವೇಳೆ, ಕಿಲೋಮೀಟರುಗಳನ್ನು ಬರೆದ ಒಪ್ಪಿಗೆ ಪತ್ರಕ್ಕೆ ಇಬ್ಬರೂ ಸಹಿಮಾಡಿರಬೇಕು, ಫಾಸ್ಟ್ಯಾಗನ್ನು ರದ್ದುಪಡಿಸಬೇಕು. ವಿಮೆಯಲ್ಲಿ ಕ್ಲೇಮು ಮಾಡದಿದ್ದುದಕ್ಕಾಗಿ ಗಳಿಸಿದ, ಶೇಕಡಾ 50ರವರೆಗೂ ಏರಬಹುದಾದ ರಿಯಾಯಿತಿಯು ಕಾರಿನದಲ್ಲ, ಒಡೆಯನದು. ಅದನ್ನು ಪತ್ರದ ಮೂಲಕ ಉಳಿಸಿಕೊಂಡು ಮುಂದಿನ ಕಾರಿಗೆ ಬಳಸಬಹುದು.

ಕೊನೆಯದಾಗಿ ಮಾರುವವರ ಧರ್ಮ. ಕಾರು ಒಮ್ಮೆ ದೊಡ್ಡ ಅಪಘಾತಕ್ಕೆ ಸಿಕ್ಕಿದ್ದುದನ್ನೋ ಬ್ರೇಕಿನ ದೋಷವನ್ನೋ ಕೇಳದಿದ್ದರೆ ಹೇಳಬೇಕಾಗಿಲ್ಲವೆಂದು ಕೆಲವರು ಭಾವಿಸುತ್ತಾರೆ. ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ದೋಷವನ್ನು ಮರೆಮಾಡಿ ಪಡೆದ 20,000 ರೂಪಾಯಿ ಅಂತಹ ಹೆಚ್ಚಿನ ಅಕ್ಕಿಯೇ. ಇಲ್ಲಿ ಹಣಕ್ಕಿಂತ ಮಿಗಿಲಾದುದು ಇನ್ನೊಂದಿದೆ: ಬ್ರೇಕಿನ ದೋಷವನ್ನು ಬಚ್ಚಿಟ್ಟು ಮಾರಿದ ಕಾರಿನಲ್ಲಿ ನಾಳೆ ಯಾರದೋ ಮಕ್ಕಳು ಕುಳಿತಿರುತ್ತಾರೆ. ದೋಷವನ್ನು ಬರವಣಿಗೆಯಲ್ಲಿ ತಿಳಿಸಿ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಮಾರಿದವರಿಗೆ ನಷ್ಟ ಕೊಂಚವೇ.

ಆದುದರಿಂದ, ತಮ್ಮ ಮನೆಯಲ್ಲಿ ಈಗಾಗಲೇ ಕೊಂಡ ಅಥವಾ ಮಾರಿದ ಕಾರೊಂದರ ಆರ್.ಸಿ. ಇನ್ನೂ ಹಳೆಯ ಹೆಸರಿನಲ್ಲಿಯೇ ಇದ್ದರೆ, ಅದನ್ನು ಈ ವಾರವೇ ಸರಿಪಡಿಸಿಕೊಳ್ಳಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ. ನಂಟಸ್ತಿಕೆಯಲ್ಲಿ ಇದನ್ನು ಕೇಳಲು ಸಂಕೋಚವೆನಿಸಬಹುದು. ಆದರೆ ಹೆಸರು ಬದಲಾಯಿಸಿಕೊಳ್ಳಿರೆಂದು ಇಂದು ಕೇಳುವುದು ಅವಿಶ್ವಾಸವಲ್ಲ. ನಾಳೆ ನ್ಯಾಯಾಲಯದ ಮೆಟ್ಟಿಲಲ್ಲಿ ನಂಟಸ್ತಿಕೆ ಮುರಿಯದಂತೆ ಕಾಯುವ ಉಪಾಯ.