ಅಗ್ಗದ ಸ್ಪೋರ್ಟ್ಸ್ ಕಾರು, ದುಬಾರಿ ಗಡಿ: ತಲಪಾಡಿ ದಾಟುವ ಮುನ್ನ ಒಂದು ಲೆಕ್ಕ

ಮಂಜೇಶ್ವರ: ತಲಪಾಡಿಯಿಂದ ಈಚೆಗೆ, ಹಳ್ಳಿಯೊಂದರ ಮನೆಯಂಗಳದಲ್ಲಿ ಕೆಂಪು ಕಾರೊಂದು ಟರ್ಪಾಲು ಹೊದ್ದು ನಿಂತಿದೆ. ನಂಬರ್ ಪ್ಲೇಟು ಕರ್ನಾಟಕದ್ದು, ಮನೆ ಕೇರಳದ್ದು. ಗಲ್ಫ್‌ನಿಂದ ಊರಿಗೆ ಮರಳಿದ ಯುವಕನೊಬ್ಬ 3.40 ಲಕ್ಷ ರೂ. ಕೊಟ್ಟು ಮಂಗಳೂರಿನಿಂದ ತಂದ ಟರ್ಬೊ ಎಂಜಿನ್ನಿನ ಹಳೆಯ ಕಾರು ಅದು. ಓಡಿದ್ದು ಎರಡು ತಿಂಗಳು, ನಿಂತದ್ದು ಒಂದು ವರ್ಷ. ಎಂಜಿನ್ ಕೆಟ್ಟಿಲ್ಲ, ಕೆಟ್ಟಿರುವುದು ಕಾಗದಪತ್ರ.

ಆರ್‌ಟಿಒಗೆ ಅರ್ಜಿ ಬರೆಸಿಕೊಳ್ಳಲು ಆತ ನನ್ನ ಬಳಿ ಬಂದಾಗಲೇ ಸಂಗತಿ ತಿಳಿದದ್ದು. ಮಾರಿದವನ ಹೆಸರು ಆರ್‌ಸಿಯಲ್ಲಿ ಇಲ್ಲ. ಆತನಿಗೆ ಮಾರಿದವನದ್ದೂ ಇಲ್ಲ. ಇರುವುದು ಬೆಂಗಳೂರಿನ ಮೊದಲ ಮಾಲೀಕನ ಹೆಸರು, ಅದರ ಕೆಳಗೆ ಬ್ಯಾಂಕ್ ಸಾಲದ ನಮೂದು. ಕೈಯಲ್ಲಿರುವುದು ಖಾಲಿ ಫಾರಂಗೆ ಹಾಕಿದ ಒಂದು ಸಹಿ ಮತ್ತು 100 ರೂ. ಛಾಪಾ ಕಾಗದದ ಕರಾರು.

ಇಂತಹ ಕಾರುಗಳು ಗಡಿನಾಡಿನಲ್ಲಿ ಈಗ ಸಾಮಾನ್ಯ. ಸ್ಪೋರ್ಟ್ಸ್ ಕಾರು ಎಂದರೆ ನಮ್ಮ ಯುವಕರಿಗೆ ಫೆರಾರಿ ಅಲ್ಲ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, 2015ರ ಅಬಾರ್ತ್ ಪುಂಟೊ, 2017ರ ಬಲೆನೊ ಆರ್‌ಎಸ್ ಇಂತಹ ಸಣ್ಣ ಆದರೆ ಚುರುಕಾದ ಗಾಡಿಗಳು. ಹೊಸದಾಗಿ ಇವು ಯಾವುವೂ ಇಂದು ಸಿಗುವುದಿಲ್ಲ. ಫಿಯೆಟ್ ಭಾರತದ ಕಾರು ಮಾರಾಟವನ್ನೇ 2019ರಲ್ಲಿ ನಿಲ್ಲಿಸಿತು, ಪೋಲೊ 2022ರಲ್ಲಿ ನಿಂತಿತು. ಆದ್ದರಿಂದ ಆಸೆ ಇರುವವರಿಗೆ ಹಳೆಯ ಗಾಡಿಯೊಂದೇ ದಾರಿ. ಮಂಗಳೂರು, ಬೆಂಗಳೂರಿನ ದೊಡ್ಡ ಮಾರುಕಟ್ಟೆ ಹತ್ತಿರವಿರುವಾಗ ಕಣ್ಣು ಆ ಕಡೆ ಹೋಗುವುದು ಸಹಜ.

ಹನ್ನೆರಡು ತಿಂಗಳ ತಪ್ಪು ಕಲ್ಪನೆ

'ಬೇರೆ ರಾಜ್ಯದ ಗಾಡಿಯನ್ನು ಒಂದು ವರ್ಷ ಹಾಗೇ ಓಡಿಸಬಹುದು' ಎಂಬ ಮಾತು ನಮ್ಮಲ್ಲಿ ಚಹಾ ಅಂಗಡಿಯಿಂದ ಗ್ಯಾರೇಜಿನವರೆಗೆ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು. ಆದರೆ ಇದು ನಂಬರಿನ ಮಾತು, ಮಾಲೀಕತ್ವದ ಮಾತಲ್ಲ.

ಗಾಡಿ ಕೊಂಡವರಿಗೆ ಅನ್ವಯಿಸುವುದು 50ನೇ ಕಲಂ. ಅದರಂತೆ ಕೊಂಡವನು 30 ದಿನಗಳೊಳಗೆ ತನ್ನ ಊರಿನ ಆರ್‌ಟಿಒಗೆ ತಿಳಿಸಬೇಕು. ಗಾಡಿ ಹೊರ ರಾಜ್ಯದ್ದಾದರೆ ಮಾರಿದವನು 45 ದಿನಗಳೊಳಗೆ ಎನ್‌ಒಸಿ ಒದಗಿಸಬೇಕು. ಇನ್ನು ತೆರಿಗೆ ರಾಜ್ಯಗಳ ಕೈಯಲ್ಲಿದೆ. ಅದರ ಗಡುವಿಗೂ ಈ 12 ತಿಂಗಳಿಗೂ ಸಂಬಂಧವಿಲ್ಲ. ಮೂರು ಬೇರೆ ಬೇರೆ ಗಡಿಯಾರಗಳನ್ನು ಒಂದೇ ಎಂದು ತಿಳಿದದ್ದೇ ನಮ್ಮ ಯುವಕನ ತಪ್ಪು.

ಹೊಸ ನಂಬರ್ ಪಡೆಯುವಾಗ ಕೇರಳದಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಭಾಗವನ್ನು ಅಲ್ಲಿಂದ ಮರಳಿ ಕೇಳಬಹುದು. ಆದರೆ ಇಲ್ಲಿ ಕಟ್ಟುವುದು ಮೊದಲು, ಅಲ್ಲಿಂದ ಬರುವುದು ಆಮೇಲೆ. ನಡುವಿನ ಹಣ ನಮ್ಮ ಜೇಬಿನದು. ಮೊದಲ ಮಾಲೀಕನ ಸಹಕಾರ ಇಲ್ಲದಿದ್ದರೆ ಆ ಮರುಪಾವತಿಯೂ ಕಷ್ಟವೇ.

ಮಾರಿದವನಿಗೂ ಬಿಡುಗಡೆ ಇಲ್ಲ

ಹೆಸರು ಬದಲಾಗದ ಗಾಡಿಯಿಂದ ತೊಂದರೆ ಕೊಂಡವನಿಗೆ ಮಾತ್ರ ಎಂದು ತಿಳಿಯಬೇಡಿ. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿದ ತೀರ್ಪು ಇಲ್ಲಿ ಮುಖ್ಯ. ಅಲ್ಲಿಯೂ ಕಾರು ಕೈಯಿಂದ ಕೈಗೆ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಇತ್ತು. ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದ್ದೇ ಎಂದು ನ್ಯಾಯಾಲಯ ಹೇಳಿತು. ಅಂದರೆ ಮಂಜೇಶ್ವರದ ಹುಡುಗ ಯಾರಿಗಾದರೂ ಗುದ್ದಿದರೆ ಬೆಂಗಳೂರಿನ ಅಪರಿಚಿತ ವ್ಯಕ್ತಿಗೆ ನೋಟಿಸು ಹೋಗುತ್ತದೆ. ಪೆಟ್ಟು ತಿಂದ ಬಡವ ಪರಿಹಾರಕ್ಕಾಗಿ ಎರಡು ರಾಜ್ಯ ಅಲೆಯಬೇಕಾಗುತ್ತದೆ.

ವಿಮೆಯ ವರ್ಗಾವಣೆಗೂ 14 ದಿನಗಳೊಳಗೆ ಅರ್ಜಿ ಕೊಡಬೇಕು. ಮಾರಿದವನ 'ನೋ ಕ್ಲೇಮ್ ಬೋನಸ್' ಕಾರಿನ ಜೊತೆ ಬರುವುದಿಲ್ಲ. ಅದು ಅವನದ್ದೇ.

2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್ ಇಲಾಖೆ ನಡೆಸಿದ 'ಆಪರೇಷನ್ ನುಮ್ಖೋರ್' ದಾಳಿ ಓದುಗರಿಗೆ ನೆನಪಿರಬಹುದು. ಭೂತಾನಿನಿಂದ ಅಕ್ರಮವಾಗಿ ತಂದ ಹಳೆಯ ಗಾಡಿಗಳನ್ನು ನಕಲಿ ದಾಖಲೆಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಇಲ್ಲಿ ಮಾರಲಾಗಿದೆ ಎಂಬುದು ಇಲಾಖೆಯ ಆರೋಪ. ಮೊದಲ ದಿನವೇ 36 ವಾಹನಗಳು ವಶವಾದವು. ಅವು ದೊಡ್ಡವರ ದೊಡ್ಡ ಗಾಡಿಗಳು ನಿಜ. ಆದರೆ ಪಾಠ ಎಲ್ಲರಿಗೂ ಒಂದೇ. ಬೆಲೆ ತೀರಾ ಕಡಿಮೆ ಇದ್ದರೆ ಕಾರಣವನ್ನು ಎಂಜಿನ್ನಿನಲ್ಲಿ ಮಾತ್ರವಲ್ಲ, ದಾಖಲೆಯಲ್ಲೂ ಹುಡುಕಬೇಕು.

ಅಲಂಕಾರಕ್ಕೂ ದಂಡ

ಹಳೆಯ ಸ್ಪೋರ್ಟ್ಸ್ ಕಾರು ಮೂಲ ರೂಪದಲ್ಲಿ ಸಿಗುವುದು ಅಪರೂಪ. ಸದ್ದು ಮಾಡುವ ಸೈಲೆನ್ಸರು, ಅಗಲದ ಚಕ್ರ, ತಗ್ಗಿಸಿದ ಸ್ಪ್ರಿಂಗು ಇರುತ್ತವೆ. ಕೇರಳದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಬದಲಾವಣೆ ಒಂದೊಂದಕ್ಕೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಹಿಂದಿನವನು ಹಾಕಿಸಿದ್ದು ಎಂದರೆ ತಪಾಸಣೆಗೆ ನಿಂತವರು ಕೇಳುವುದಿಲ್ಲ.

ಪೆಟ್ರೋಲಿನ ವಿಷಯವೂ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20. ಹಳೆಯ ಕೆಲವು ಗಾಡಿಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಅದು ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಟರ್ಬೊ ಮತ್ತು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನದು. ಅದು ಕೈಕೊಟ್ಟರೆ ಕಾರು ಕೊಂಡ ಹಣದ ದೊಡ್ಡ ಪಾಲು ರಿಪೇರಿಗೇ ಹೋದೀತು.

ಹಾಗಾದರೆ ಕೊಳ್ಳಲೇಬಾರದೇ?

ಹಾಗೇನೂ ಇಲ್ಲ. ಯುವಕರ ಆಸೆಯನ್ನು ಬೈದು ಪ್ರಯೋಜನವಿಲ್ಲ, ಲೆಕ್ಕ ಹೇಳಿಕೊಡಬೇಕು. ಕೈಯಲ್ಲಿ 4 ಲಕ್ಷ ರೂ. ಇದ್ದರೆ 4 ಲಕ್ಷದ ಕಾರು ನೋಡಬಾರದು. ಮೂರನೇ ಒಂದು ಭಾಗವನ್ನು ತೆರಿಗೆ, ವಿಮೆ, ಟಯರು, ಮೊದಲ ರಿಪೇರಿಗೆಂದು ಬೇರೆ ಇಡಬೇಕು. ಉಳಿದದ್ದೇ ಕಾರಿನ ಬೆಲೆ.

ಮುಂಗಡ ಕೊಡುವ ಮುನ್ನ ವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ನಂಬರ್ ಹಾಕಿ ನೋಡಿ. ಸಾಲ ತೀರಿದೆಯೇ, ವಿಮೆ ಇದೆಯೇ, ನೋಂದಣಿ ಯಾವ ವರ್ಷದವರೆಗೆ ಎಂಬುದು ಗೊತ್ತಾಗುತ್ತದೆ. ದಂಡ ಬಾಕಿ ಇದೆಯೇ ಎಂಬುದನ್ನು ಇ-ಚಲನ್ ತಾಣದಲ್ಲಿ ನೋಡಬಹುದು. ಆರ್‌ಸಿಯಲ್ಲಿ ಹೆಸರಿರುವವರ ಜೊತೆ ಮಾತ್ರ ವ್ಯವಹಾರ ಮಾಡಿ. ಸಾಲ ಇದ್ದರೆ ಫಾರಂ 35, ಎನ್‌ಒಸಿಗೆ ಫಾರಂ 28, ವರ್ಗಾವಣೆಗೆ ಫಾರಂ 29 ಮತ್ತು 30, ಹೊಸ ನಂಬರಿಗೆ ಫಾರಂ 27. ಎನ್‌ಒಸಿ ಕೈಗೆ ಬರುವವರೆಗೆ ಪೂರ್ಣ ಹಣ ಕೊಡಬೇಡಿ. ಟಯರಿನ ಬದಿಯ ಕೊನೆಯ ನಾಲ್ಕು ಅಂಕೆಗಳನ್ನೂ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟಯರು.

ಬೆಲೆ ಚೌಕಾಸಿಗೂ ಈಗ ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಲೇಬೇಕು.

ತಲಪಾಡಿಯ ಮಾತು ಹೊಸೂರು, ಸೊಲ್ಲಾಪುರ, ಆದೋನಿಯ ಓದುಗರಿಗೂ ಸಲ್ಲುತ್ತದೆ. ತೆರಿಗೆಯ ದರ ಬೇರೆ ಇರಬಹುದು, ಕಾಯ್ದೆ ಒಂದೇ. ನಮಗೆ ಗಡಿ ಎಂದರೆ ಮದುವೆಗೆ, ಆಸ್ಪತ್ರೆಗೆ, ಸಂತೆಗೆ ದಿನವೂ ದಾಟುವ ರಸ್ತೆ. ಸರ್ಕಾರದ ಕಡತಕ್ಕೆ ಅದು ಗೋಡೆ. ಇಂತಹ ಕಡೆಗಳ ಆರ್‌ಟಿಒ ಕಚೇರಿಗಳಲ್ಲಿ ಹೊರ ರಾಜ್ಯದ ಗಾಡಿ ಕೊಳ್ಳುವವರಿಗಾಗಿ ಎರಡೂ ಭಾಷೆಯಲ್ಲಿ ಒಂದು ಮಾಹಿತಿ ಫಲಕ ಹಾಕಿದರೆ ಎಷ್ಟೋ ಮನೆಯ ಉಳಿತಾಯ ಉಳಿದೀತು.

ಆ ಯುವಕ ಈಗ ಬೆಂಗಳೂರಿನ ಮೊದಲ ಮಾಲೀಕನ ವಿಳಾಸ ಹುಡುಕುತ್ತಿದ್ದಾನೆ. ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಈ ಮಳೆಗಾಲವೂ ಕಾರು ಟರ್ಪಾಲಿನ ಕೆಳಗೇ.